ಹಿತ್ತಿಲಲ್ಲಿ ಐದು ಹೇಟೆ: ತುಂಡು ಜಮೀನಿನ ಮನೆಗೆ ನಾಟಿ ಕೋಳಿ ಮತ್ತು ಕೈತೋಟದಿಂದ ಆದಾಯ ಮಾಡುವ ಬಗೆ

"ನಮಗೆ ಜಮೀನಿಲ್ಲ, ಇರೋದು ಮನೆ ಹಿಂದೆ ಅರ್ಧ ಗುಂಟೆ ಜಾಗ. ಕೋಳಿ ಸಾಕಿದರೆ ಏನಾದರೂ ಕಾಸು ಸಿಗುತ್ತಾ? ಯಾವ ತಳಿ ತರಬೇಕು? ಸಬ್ಸಿಡಿ ಎಷ್ಟು?" ಓದುಗರು ಇವೇ ಮೂರು ಪ್ರಶ್ನೆಗಳನ್ನು ಬೇರೆಬೇರೆ ಮಾತಿನಲ್ಲಿ ಕೇಳುತ್ತಲೇ ಇದ್ದಾರೆ. ಕಾಸು ಖಂಡಿತ ಸಿಗುತ್ತದೆ. ಆದರೆ ಅದನ್ನು ನಿರ್ಧರಿಸುವುದು ತಳಿಯೂ ಅಲ್ಲ, ಸಬ್ಸಿಡಿಯೂ ಅಲ್ಲ. ಒಡೆದು ಹೊರಬಂದ ಮರಿಗಳಲ್ಲಿ ಎಷ್ಟು ಬದುಕಿ ದೊಡ್ಡವಾಗುತ್ತವೆ ಎಂಬುದೊಂದೇ ನಿರ್ಧರಿಸುತ್ತದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ನೀವೇ ಹಾಕಿಕೊಳ್ಳಿ. ಹಿತ್ತಿಲಲ್ಲಿ ಮೇಯುವ ನಾಟಿ ಹೇಟೆ, ಅಂದರೆ ಹೆಣ್ಣು ಕೋಳಿ, ವರ್ಷಕ್ಕೆ ಸುಮಾರು 60 ಮೊಟ್ಟೆ ಇಡುತ್ತದೆ. ಐದು ಹೇಟೆಗೆ 300. ಪ್ರತಿ ಹೇಟೆಯನ್ನು ವರ್ಷಕ್ಕೆ ಎರಡು ಸಲ, ಸಲಕ್ಕೆ 12 ಮೊಟ್ಟೆ ಇಟ್ಟು ಕಾವು ಕೂರಿಸಿದರೆ 120 ಮೊಟ್ಟೆ ಮರಿಗೆ ಹೋಯಿತು, 180 ಮನೆಗೆ ಉಳಿಯಿತು. ಆ 120ರಲ್ಲಿ ಮುಕ್ಕಾಲು ಪಾಲು ಒಡೆದರೆ 90 ಮರಿ. ಇಲ್ಲಿಯವರೆಗೆ ಎಲ್ಲರ ಮನೆಯ ಕಥೆಯೂ ಒಂದೇ. ಮುಂದೆ ಹದ್ದು, ಕಾಗೆ, ಚಳಿ, ರೋಗಗಳ ಪಾಲಾಗಿ ನೂರಕ್ಕೆ 30 ಮಾತ್ರ ಉಳಿದರೆ 27 ಕೋಳಿ. ಅದೇ 70 ಉಳಿಸಿಕೊಂಡರೆ 63. ನಡುವಿನ ವ್ಯತ್ಯಾಸ 36 ಕೋಳಿ. ಒಂದಕ್ಕೆ 300 ರೂಪಾಯಿ ಹಿಡಿದರೂ 10,800 ರೂಪಾಯಿ. ಹೇಟೆಯ ಸಂಖ್ಯೆ ಅದೇ, ತಳಿ ಅದೇ, ಮನೆ ಅದೇ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಮರಿ ಉಳಿಸುವುದರ ಮೇಲೇ ಇದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ರಾತ್ರಿಗೆ ಭದ್ರವಾದ ಗೂಡು, ಎರಡು ದೊಡ್ಡ ಮಂಕರಿ, ಭತ್ತದ ಹೊಟ್ಟು, ನೀರಿಗೆ ಅಗಲ ಬಾಯಿಯ ಆಳವಿಲ್ಲದ ಮಣ್ಣಿನ ತಟ್ಟೆ, ಒಂದು ನೋಟ್ ಪುಸ್ತಕ, ಮತ್ತು ಲಸಿಕೆ ದಿನಕ್ಕೆ ಜೊತೆಯಾಗುವ ಅಕ್ಕಪಕ್ಕದ ನಾಲ್ಕಾರು ಮನೆ.

1. ಮೊದಲು ಹಿತ್ತಿಲು ನೋಡಿ, ಆಮೇಲೆ ಕೋಳಿ ಎಣಿಸಿ

ನಾಟಿ ಕೋಳಿ ಲಾಭ ಕೊಡುವುದು ಅದು ತನ್ನ ಹೊಟ್ಟೆಯನ್ನು ಬಹುಪಾಲು ತಾನೇ ತುಂಬಿಸಿಕೊಳ್ಳುವುದರಿಂದ. ತಿಪ್ಪೆಯ ಹುಳ, ಕಣದಲ್ಲಿ ಉದುರಿದ ರಾಗಿ, ಎಳೆ ಹುಲ್ಲು, ಮುಸುರೆಯ ಅನ್ನ ಇವೇ ಅದರ ಬಂಡವಾಳ. ಇವು ಎಷ್ಟು ಕೋಳಿಗೆ ಸಾಲುತ್ತವೋ ಅಷ್ಟೇ ನಿಮ್ಮ ಮಿತಿ. ಅದನ್ನು ದಾಟಿದ ದಿನದಿಂದ ಮೇವನ್ನು ಅಂಗಡಿಯಿಂದ ತರಬೇಕಾಗುತ್ತದೆ, ಲೆಕ್ಕ ತಲೆಕೆಳಗಾಗುತ್ತದೆ.

ದನಕರು, ತಿಪ್ಪೆ, ಪಕ್ಕದಲ್ಲಿ ಹೊಲ ಇರುವ ಮನೆಗೆ ಐದಾರು ಹೇಟೆ, ಒಂದು ಹುಂಜ, ಜೊತೆಗೆ ಬೆಳೆಯುತ್ತಿರುವ ಇಪ್ಪತ್ತು–ಇಪ್ಪತ್ತೈದು ಮರಿ ಸರಿಹೋಗುತ್ತವೆ. ಒತ್ತೊತ್ತಾಗಿ ಮನೆಗಳಿರುವ ಕೇರಿಯಲ್ಲಿ ಇದರ ಅರ್ಧ ಸಾಕು. ಅಲ್ಲಿ ಕೋಳಿ ಪಕ್ಕದ ಮನೆಯವರು ಒಣಹಾಕಿದ ಕಾಳಿಗೆ ಬಾಯಿ ಹಾಕಿ ಜಗಳ ತರುವುದೂ ನಷ್ಟದ ಲೆಕ್ಕಕ್ಕೇ ಸೇರುತ್ತದೆ.

ಈಗಾಗಲೇ ಮನೆಯಲ್ಲಿ ಎರಡು ಹೇಟೆ ಇದ್ದರೆ ಹೊಸದನ್ನು ಕೊಳ್ಳಲು ಓಡಬೇಡಿ. ಅವುಗಳ ಮರಿ ಉಳಿಸುವುದನ್ನು ಕಲಿತರೆ ವರ್ಷದೊಳಗೆ ಐದಾಗುತ್ತವೆ. ಒಂದೂ ಇಲ್ಲದವರು ಪಾಲಿಗೆ ಸಾಕುವ ಹಳೆಯ ಪದ್ಧತಿಯನ್ನು ಬಳಸಿಕೊಳ್ಳಬಹುದು. ಹೇಟೆ ಇನ್ನೊಬ್ಬರದು, ಸಾಕುವ ಕೆಲಸ ನಿಮ್ಮದು, ಹುಟ್ಟಿದ ಮರಿ ಇಬ್ಬರಿಗೂ ಸಮ. ಕೈಯಲ್ಲಿ ಹಣ ಇಲ್ಲದೆ ಶುರು ಮಾಡಲು ಇದಕ್ಕಿಂತ ಗೌರವದ ದಾರಿ ನನಗೆ ಕಂಡಿಲ್ಲ.

2. ಕೋಳಿ ತರುವ ಮೊದಲು ಗೂಡು ಕಟ್ಟಿ

ಅಡುಗೆಮನೆಯ ಮೂಲೆಯಲ್ಲೋ ಮಂಚದ ಕೆಳಗೋ ಕೋಳಿ ಮುಚ್ಚುವ ಮನೆಗಳು ಇನ್ನೂ ಇವೆ. ಚಿಕ್ಕ ಮಕ್ಕಳಿರುವ ಮನೆಗೆ ಇದು ಒಳ್ಳೆಯದಲ್ಲ, ಹಿಕ್ಕೆಯ ಮೂಲಕ ಭೇದಿಯ ರೋಗಾಣು ಸುಲಭವಾಗಿ ಮಕ್ಕಳಿಗೆ ದಾಟುತ್ತದೆ.

ರಾತ್ರಿ ಗೂಡಿಗೆ ಒಂದು ದೊಡ್ಡ ಕೋಳಿಗೆ ಒಂದು ಚದರ ಅಡಿ ಜಾಗ ಲೆಕ್ಕ ಇಟ್ಟುಕೊಳ್ಳಿ. ಆರು ಅಡಿ ಉದ್ದ, ಐದು ಅಡಿ ಅಗಲದ ಗೂಡು ಮೂವತ್ತು ಕೋಳಿಗೆ ಸಾಕು. ಅದನ್ನು ನೆಲದಿಂದ ಎರಡು ಅಡಿ ಎತ್ತರದಲ್ಲಿ ಕಂಬದ ಮೇಲೆ ನಿಲ್ಲಿಸಿ. ತಳಕ್ಕೆ ಬಿದಿರು ಅಥವಾ ಅಡಿಕೆ ದಬ್ಬೆಯನ್ನು ಅರ್ಧ ಇಂಚು ಸಂದು ಬಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗೂಡು ಒಣಗಿರುತ್ತದೆ, ಗೊಬ್ಬರ ಒಂದೇ ಕಡೆ ಸಿಗುತ್ತದೆ. ಸಣ್ಣ ಮರಿಗಳ ಕಾಲು ಸಂದಿಗೆ ಸಿಕ್ಕದಂತೆ ಒಂದು ಮೂಲೆಗೆ ಗೋಣಿಚೀಲ ಹಾಸಿ. ಉದ್ದನೆಯ ಬದಿ ಪೂರ್ವ–ಪಶ್ಚಿಮಕ್ಕಿರಲಿ, ಮಧ್ಯಾಹ್ನದ ಬಿಸಿಲು ಒಳಗೆ ಹೊಡೆಯುವುದಿಲ್ಲ. ಮೇಲೆ ಹುಲ್ಲು ಅಥವಾ ಹಳೆ ಹೆಂಚು ಒಳ್ಳೆಯದು. ತಗಡು ಹಾಕಿದರೆ ಬೇಸಿಗೆಯಲ್ಲಿ ಅದರ ಮೇಲೆ ತೆಂಗಿನ ಗರಿ ಹೊದಿಸಿ.

ಹಣ ಖರ್ಚು ಮಾಡಲೇಬೇಕಾದದ್ದು ಜಾಲರಿಗೆ. ಅಗಲ ಕಣ್ಣಿನ ಜಾಲರಿ ಅಗ್ಗ, ಆದರೆ ಮುಂಗುಸಿ ಮೂತಿ ತೂರಿಸುತ್ತದೆ, ಹೆಗ್ಗಣ ಒಳಗೆ ಬರುತ್ತದೆ, ಕೇರೆ ಹಾವು ಮೊಟ್ಟೆಗೆ ಬರುತ್ತದೆ. ಅರ್ಧ ಇಂಚು ಕಣ್ಣಿನದನ್ನೇ ತನ್ನಿ. ಬಾಗಿಲಿಗೆ ಕೊಂಡಿಯ ಜೊತೆಗೆ ಹಗ್ಗ ಕಟ್ಟಿ ಬಿಗಿಯುವ ಅಭ್ಯಾಸವೂ ಇರಲಿ, ಪುನುಗು ಬೆಕ್ಕು ಸಡಿಲ ಬಾಗಿಲನ್ನು ತಳ್ಳಿಕೊಂಡು ಬಂದು ಒಂದೇ ರಾತ್ರಿಯಲ್ಲಿ ಗೂಡು ಖಾಲಿ ಮಾಡುತ್ತದೆ. ಒಳಗೆ ನಾಲ್ಕೈದು ಹೇಟೆಗೆ ಒಂದರಂತೆ ಒಂದಡಿ ಚೌಕದ ಪೆಟ್ಟಿಗೆ ಇಟ್ಟು ಹುಲ್ಲು ಹಾಕಿದರೆ ಹೇಟೆಗಳು ಬೇಲಿಯಲ್ಲಿ ಮೊಟ್ಟೆ ಇಟ್ಟು ಬರುವುದು ತಪ್ಪುತ್ತದೆ.

3. ತಳಿ: ಕಾವು ಕೂರುವುದೋ ಇಲ್ಲವೋ, ಅದನ್ನು ಕೇಳಿ

ನಾಟಿ ಕೋಳಿ, ಬಡಗಣ ಕಡೆಯವರ ಮಾತಲ್ಲಿ ಜವಾರಿ ಕೋಳಿ, ಮೊಟ್ಟೆ ಕಡಿಮೆ ಇಡುತ್ತದೆ. ಆದರೆ ತಾನೇ ಕಾವು ಕೂರುತ್ತದೆ, ಮರಿ ಸಾಕುತ್ತದೆ, ಹದ್ದಿನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತದೆ. ಮಾಂಸಕ್ಕೆ ಕೇಳಿದ ಬೆಲೆ ಸಿಗುತ್ತದೆ.

ಸುಧಾರಿತ ತಳಿಗಳು ಎಂದರೆ ಹಿತ್ತಿಲಲ್ಲೇ ಮೇಯುವಂತೆ, ಆದರೆ ಹೆಚ್ಚು ಮೊಟ್ಟೆ, ಹೆಚ್ಚು ತೂಕ ಬರುವಂತೆ ವಿಜ್ಞಾನಿಗಳು ಬೇರೆಬೇರೆ ವಂಶಗಳನ್ನು ಕೂಡಿಸಿ ಮಾಡಿದ ಕೋಳಿಗಳು. ಗಿರಿರಾಜ ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡದ್ದು. ಆಮೇಲೆ ಅಲ್ಲಿಂದಲೇ ಸ್ವರ್ಣಧಾರಾ ಬಂತು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಮತ್ತು ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿ ಕೂಡ ಇಲ್ಲಿ ಚಾಲ್ತಿಯಲ್ಲಿವೆ. ಒಳ್ಳೆಯ ಮೇವು ಕೊಟ್ಟರೆ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ.

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಒಂದು, ಈ ತಳಿಗಳು ಕಾವು ಕೂರುವುದೇ ಅಪರೂಪ. ಪ್ರತಿ ಸಲ ಮರಿ ಕೊಳ್ಳಲೇಬೇಕು. ಎರಡು, ಇವುಗಳ ಮೊಟ್ಟೆಯನ್ನು ನಾಟಿ ಹೇಟೆಯ ಕೆಳಗಿಟ್ಟು ಮರಿ ಮಾಡಿಸಿದರೆ ಆ ಮರಿಗಳಿಗೆ ತಾಯಿಯ ಗುಣ ಪೂರ್ತಿ ಬರುವುದಿಲ್ಲ, ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ನನ್ನ ಸಲಹೆ ಹೀಗಿದೆ: ಸ್ಥಿರವಾದ ಆಧಾರಕ್ಕೆ ನಾಟಿ ಹೇಟೆಗಳಿರಲಿ. ಮನೆಯಲ್ಲಿ ತಿನ್ನುವ ಮೊಟ್ಟೆ ಹೆಚ್ಚು ಬೇಕೆಂದರೆ ಜೊತೆಗೆ ಐದಾರು ಸುಧಾರಿತ ಹೇಟೆ ತನ್ನಿ, ಎರಡು ವರ್ಷಕ್ಕೆ ಬದಲಾಯಿಸಿ.

ಕೊಳ್ಳುವಾಗ ದಿನದ ಮರಿ ಅಗ್ಗವೆಂದು ಆಸೆಪಡಬೇಡಿ. ಮೊದಲ ಸಲದವರು ನಾಲ್ಕರಿಂದ ಆರು ವಾರ ಸಾಕಿ, ಲಸಿಕೆ ಹಾಕಿಸಿದ ಮರಿಯನ್ನೇ ಕೊಳ್ಳಿ, ಯಾವ ದಿನ ಯಾವ ಲಸಿಕೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬೈಕಿನಲ್ಲಿ ಬುಟ್ಟಿ ಕಟ್ಟಿಕೊಂಡು ಬಂದು ಗುಲಾಬಿ, ಹಸಿರು ಬಣ್ಣ ಬಳಿದ ಮರಿ ಮಾರುವವರಿಂದ ಒಂದನ್ನೂ ತೆಗೆದುಕೊಳ್ಳಬೇಡಿ. ಅವು ಸಾಮಾನ್ಯವಾಗಿ ಮೊಟ್ಟೆ ಕೋಳಿಯ ಮರಿಕೇಂದ್ರಗಳು ಬೇಡವೆಂದು ಬಿಟ್ಟ ಗಂಡು ಮರಿಗಳು. ತೂಕವೂ ಬರುವುದಿಲ್ಲ, ಮೊಟ್ಟೆಯಂತೂ ಇಲ್ಲವೇ ಇಲ್ಲ.

ಸಂತೆಯಿಂದ ತಂದ ಕೋಳಿಯನ್ನು ನೇರ ಗುಂಪಿಗೆ ಬಿಡಬೇಡಿ. ಎರಡು–ಮೂರು ವಾರ ದೂರದಲ್ಲಿ ಬೇರೆ ಮಂಕರಿಯ ಕೆಳಗೆ ಇಟ್ಟು ನೋಡಿ. ಊರಿಗೆ ಕಾಯಿಲೆ ಹೊಕ್ಕುವುದು ಬಹುತೇಕ ಈ ಬಾಗಿಲಿನಿಂದಲೇ.

4. ಕಾವು ಕೂರಿಸುವುದು

ಮೊಟ್ಟೆ ಒಡೆಯಲು 21 ದಿನ. ಕಾವಿಗೆ ಇಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಒದ್ದೆ ಮರಳು ತುಂಬಿದ ಮಡಕೆಯ ಮೇಲೆ ಬಟ್ಟೆ ಹಾಸಿ, ಚೂಪು ತುದಿ ಕೆಳಗೆ ಬರುವಂತೆ ಇಟ್ಟರೆ ಬೇಸಿಗೆಯಲ್ಲೂ ಕೆಡುವುದಿಲ್ಲ. ತೊಳೆಯಬೇಡಿ, ಕೊಳೆ ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ಒಂದು ಹೇಟೆಗೆ 12 ಮೊಟ್ಟೆ ಸಾಕು. ಹೆಚ್ಚು ಇಟ್ಟರೆ ಅಂಚಿನವು ತಣ್ಣಗಾಗಿ ಕೆಡುತ್ತವೆ.

ಕೂರಿಸುವ ಮೊದಲು ಹೇಟೆಯ ರೆಕ್ಕೆಯಡಿ ಹೇನು ನೋಡಿ. ಹೇನು ಇದ್ದರೆ ಹೇಟೆ ಕೂತಲ್ಲಿ ಕೂರುವುದಿಲ್ಲ. ಗೂಡಿನ ಹುಲ್ಲಿಗೆ ಬೇವಿನ ಸೊಪ್ಪು ಬೆರೆಸುವುದು ಹಿಂದಿನಿಂದ ಬಂದ ರೂಢಿ, ಒಳ್ಳೆಯದೇ. ಏಳನೇ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಯನ್ನು ಟಾರ್ಚಿಗೆ ಹಿಡಿಯಿರಿ. ಒಳಗೆ ಕೆಂಪು ನರಗಳ ಬಲೆ ಕಂಡರೆ ಜೀವ ಇದೆ, ಪೂರಾ ತಿಳಿಯಾಗಿದ್ದರೆ ಫಲವಾಗಿಲ್ಲ, ತೆಗೆದುಬಿಡಿ. ಎರಡು ಹೇಟೆಗಳನ್ನು ಒಂದೇ ದಿನ ಕೂರಿಸಿದರೆ ಮರಿಗಳನ್ನೆಲ್ಲ ಒಂದಕ್ಕೆ ಒಪ್ಪಿಸಿ ಇನ್ನೊಂದನ್ನು ಬೇಗ ಮೊಟ್ಟೆಗೆ ಬಿಡಬಹುದು. ರಾತ್ರಿ ಹೊತ್ತು ಸೇರಿಸಿ, ಬೆಳಗ್ಗೆ ತಾಯಿ ತಕರಾರು ಮಾಡುವುದಿಲ್ಲ.

5. ಮೊದಲ ಆರು ವಾರ

ನಷ್ಟದ ಬಹುಪಾಲು ಇಲ್ಲೇ ಆಗುತ್ತದೆ. ತಾಯಿಯ ಜೊತೆ ಬೆಳೆಯುವ ನಾಟಿ ಮರಿಗಳನ್ನು ಮೊದಲ ದಿನದಿಂದಲೇ ಊರೂರು ಸುತ್ತಲು ಬಿಡುವುದು ನಮ್ಮಲ್ಲಿ ವಾಡಿಕೆ. ಅದನ್ನು ನಿಲ್ಲಿಸಿ. ಮೊದಲ ಹತ್ತು–ಹದಿನೈದು ದಿನ ತಾಯಿ ಮರಿಗಳೆರಡನ್ನೂ ಮಂಕರಿಯ ಕೆಳಗೆ, ನೆರಳಲ್ಲಿ, ಒಣ ನೆಲದ ಮೇಲೆ ಇಟ್ಟು ಅಲ್ಲಿಗೇ ಮೇವು–ನೀರು ಕೊಡಿ. ಆಮೇಲೆ ಬಿಸಿಲೇರಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಸಂಜೆಗೆ ಮೊದಲೇ ಮುಚ್ಚಿ. ಬೆಳಗಿನ ಇಬ್ಬನಿಯ ಹುಲ್ಲಲ್ಲಿ ನೆನೆದ ಮರಿ ಮಧ್ಯಾಹ್ನದೊಳಗೆ ಜೋಲು ಬೀಳುತ್ತದೆ.

ತಾಯಿಯಿಲ್ಲದ ಮರಿ ತಂದಿದ್ದರೆ ನೀವೇ ತಾಯಿಯ ಶಾಖ ಕೊಡಬೇಕು. ಇದಕ್ಕೆ ಮಾಡುವ ಏರ್ಪಾಟಿಗೇ ಬ್ರೂಡರ್ ಎನ್ನುತ್ತಾರೆ. ರಟ್ಟು ಅಥವಾ ಹಳೆ ತಗಡನ್ನು ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ಸುತ್ತಿ ನಿಲ್ಲಿಸಿ. ಚೌಕ ಬೇಡ, ಮರಿಗಳು ಮೂಲೆಗೆ ಒತ್ತರಿಸಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಕೆಳಗೆ ಎರಡು ಇಂಚು ಭತ್ತದ ಹೊಟ್ಟು, ಅದರ ಮೇಲೆ ಮೊದಲ ಮೂರು ದಿನ ಹಳೆ ಪತ್ರಿಕೆ ಹಾಸಿ. ಮರಿಗೆ ಎರಡು ವ್ಯಾಟ್ ಲೆಕ್ಕದಲ್ಲಿ 50 ಮರಿಗೆ 100 ವ್ಯಾಟಿನ ಬಲ್ಬು ಇಳಿಬಿಡಿ. ಅದು ಹಳೇ ಕಾಲದ, ತಂತಿ ಉರಿಯುವ ಬಲ್ಬೇ ಆಗಿರಬೇಕು. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಶಾಖ ಬರುವುದಿಲ್ಲ. ಇದು ತಿಳಿಯದೆ ಒಂದೇ ರಾತ್ರಿ ಮರಿಗಳನ್ನು ಕಳೆದುಕೊಂಡವರ ಪತ್ರಗಳು ನನಗೆ ಬರುತ್ತಲೇ ಇವೆ.

ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಥರ್ಮಾಮೀಟರ್ ಬೇಡ, ಮರಿಗಳನ್ನೇ ನೋಡಿ. ಬಲ್ಬಿನಡಿ ಮುದ್ದೆಯಾಗಿ ಕೂತು ಚೀರುತ್ತಿದ್ದರೆ ಚಳಿ, ಬಲ್ಬು ಇಳಿಸಿ. ಅಂಚಿಗೆ ಹೋಗಿ ಬಾಯಿ ತೆರೆದು ಏದುತ್ತಿದ್ದರೆ ಸೆಖೆ, ಏರಿಸಿ. ಒಂದೇ ಪಕ್ಕಕ್ಕೆ ಸರಿದಿದ್ದರೆ ಆಚೆಯಿಂದ ಗಾಳಿ ಹೊಡೆಯುತ್ತಿದೆ. ಎಲ್ಲ ಕಡೆ ಹರಡಿಕೊಂಡು ತಿನ್ನುತ್ತಾ ಓಡಾಡುತ್ತಿದ್ದರೆ ಸರಿಯಾಗಿದೆ.

ಕರೆಂಟು ಹೋಗುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲಿ. ಮಣ್ಣಿನ ಮಡಕೆಗೆ ಬೂದಿ ಹಾಕಿ ಮೇಲೆ ಕೆಂಡ ಇಟ್ಟು, ತೂತು ಮಾಡಿದ ಇನ್ನೊಂದು ಮಡಕೆಯಿಂದ ಮುಚ್ಚಿ ನಡುವೆ ಇಡಬಹುದು. ಆದರೆ ಕಿಟಕಿ–ಬಾಗಿಲು ಪೂರಾ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ, ಅದರ ಗಾಳಿ ಮರಿಗಳನ್ನೂ ಮನುಷ್ಯರನ್ನೂ ಕೊಲ್ಲುತ್ತದೆ.

ಬಂದ ತಕ್ಷಣ ಮೊದಲು ನೀರು, ಅದರಲ್ಲಿ ಸ್ವಲ್ಪ ಬೆಲ್ಲ. ಒಂದೆರಡು ಗಂಟೆ ಬಿಟ್ಟು ಮೆಕ್ಕೆಜೋಳದ ಸಣ್ಣ ನುಚ್ಚು. ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿ, ಮರಿ ಬಿದ್ದು ಮುಳುಗುವುದಿಲ್ಲ. ಎರಡನೇ ದಿನದಿಂದ ಮರಿ ಮೇವು, ಅಂಗಡಿಯಲ್ಲಿ ಸ್ಟಾರ್ಟರ್ ಎಂದು ಕೇಳಿ ತನ್ನಿ. ಆರು ವಾರಕ್ಕೆ ಒಂದು ಮರಿಗೆ ಒಂದರಿಂದ ಒಂದೂವರೆ ಕಿಲೋ ಸಾಕಾಗುತ್ತದೆ. ನಾಟಿ ಮರಿಗೂ ಮೊದಲ ತಿಂಗಳು ಇದನ್ನು ಕೊಡಿ ಎಂದರೆ "ನಮ್ಮಜ್ಜಿ ಕೊಟ್ಟಿದ್ರಾ?" ಎಂದು ಕೇಳುತ್ತಾರೆ. ಕೊಟ್ಟ ಮರಿಗೂ ಕೊಡದ ಮರಿಗೂ ಎರಡನೇ ತಿಂಗಳಲ್ಲಿ ಮೈ ತುಂಬುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹೊಟ್ಟು ಒದ್ದೆಯಾದ ಕಡೆ ತಕ್ಷಣ ತೆಗೆದು ಒಣದು ಹಾಕಿ. ಒದ್ದೆ ಹಾಸಿನಿಂದಲೇ ರಕ್ತಭೇದಿ ಬರುವುದು. ಹಿಕ್ಕೆಯಲ್ಲಿ ರಕ್ತ, ಮರಿ ರೆಕ್ಕೆ ಇಳಿಬಿಟ್ಟು ತೂಕಡಿಸುವುದು ಅದರ ಗುರುತು. ಇದಕ್ಕೆ ಔಷಧಿ ಇದೆ, ಅದೇ ದಿನ ಪಶು ಆಸ್ಪತ್ರೆಗೆ ಹೋಗಿ.

6. ಲಸಿಕೆ

ಕೋಳಿ ಸಾಕಿದ ಎಲ್ಲರಿಗೂ ಈ ಅನುಭವ ಇದ್ದೇ ಇರುತ್ತದೆ: ಬೇಸಿಗೆ ಬಂತು, ಕೇರಿಯಲ್ಲಿ ಒಂದು ಕೋಳಿ ಕತ್ತು ತಿರುಚಿಕೊಂಡು ಬಿತ್ತು, ಹಸಿರು–ಬಿಳಿ ಭೇದಿ, ಗೊರಗೊರ ಉಸಿರು, ವಾರದೊಳಗೆ ಊರಿನ ಕೋಳಿ ಎಲ್ಲ ಸತ್ತವು. ಇದೇ ಕೊಕ್ಕರೆ ರೋಗ. ವೈದ್ಯರು ರಾಣಿಖೇತ್ ಎನ್ನುತ್ತಾರೆ. ಬಂದ ಮೇಲೆ ಯಾವ ಔಷಧಿಯೂ ಇಲ್ಲ. ಬಾರದಂತೆ ತಡೆಯುವ ಲಸಿಕೆ ಇದೆ, ಕೋಳಿಯೊಂದಕ್ಕೆ ಬೀಳುವ ಖರ್ಚು ಅದು ಇಡುವ ಒಂದು ಮೊಟ್ಟೆಯ ಬೆಲೆಗಿಂತ ಕಡಿಮೆ.

ಕ್ರಮ ಹೀಗಿದೆ:

ಹುಟ್ಟಿದ ಐದರಿಂದ ಏಳನೇ ದಿನ: ಎಫ್–1 ಅಥವಾ ಲಸೋಟ ಎಂಬ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ.
ನಾಲ್ಕನೇ ವಾರ: ಲಸೋಟ ಮತ್ತೊಮ್ಮೆ.
ಆರು–ಏಳನೇ ವಾರ: ಕೋಳಿ ಸಿಡುಬಿನ ಲಸಿಕೆ, ರೆಕ್ಕೆಯ ತೆಳು ಚರ್ಮಕ್ಕೆ.
ಎಂಟರಿಂದ ಹತ್ತನೇ ವಾರ: ಕೊಕ್ಕರೆ ರೋಗಕ್ಕೇ ಆರ್‌–ಟು–ಬಿ ಎಂಬ ಚುಚ್ಚುಮದ್ದು, ಅರ್ಧ ಮಿಲಿಲೀಟರ್. ಆಮೇಲೆ ಆರು ತಿಂಗಳಿಗೊಮ್ಮೆ ಇದನ್ನೇ ಹಾಕಿಸಿ.

ಸುಧಾರಿತ ತಳಿಯ ಮರಿಗೆ ಎರಡನೇ ವಾರ ಗುಂಬೋರೊ ಎಂಬ ರೋಗದ ಲಸಿಕೆಯೂ ಬೇಕು. ಕೊಳ್ಳುವಾಗ ಅದು ಆಗಿದೆಯೇ ಎಂದು ಕೇಳಿ.

ಆರ್‌–ಟು–ಬಿ ಚುಚ್ಚುಮದ್ದನ್ನು ಎಂಟು ವಾರ ತುಂಬದ ಮರಿಗೆ ಹಾಕಿಸಬೇಡಿ. ಅದು ಬಲವಾದ ಲಸಿಕೆ, ಎಳೆಯ ಮರಿಯನ್ನೇ ಕೆಡವಬಹುದು. ಕಾಯಿಲೆಯಲ್ಲಿರುವ ಕೋಳಿಗೆ ಯಾವ ಲಸಿಕೆಯೂ ಬೇಡ. ಚುಚ್ಚುಮದ್ದಿಗೆ ವಾರದ ಮೊದಲು ಜಂತುಹುಳದ ಔಷಧಿ ಕುಡಿಸಿದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ.

"ಹಾಕಿಸಿದೆವು, ಆದರೂ ಸತ್ತವು" ಎನ್ನುವವರ ದೂರು ಸುಳ್ಳಲ್ಲ. ಬಹಳ ಸಲ ಲಸಿಕೆ ಕೋಳಿಯ ಮೈಗೆ ಹೋಗುವ ಮೊದಲೇ ಸತ್ತಿರುತ್ತದೆ. ಇದು ಜೀವಂತ ರೋಗಾಣುವಿನ ಲಸಿಕೆ, 2ರಿಂದ 8 ಡಿಗ್ರಿಯ ತಂಪಲ್ಲೇ ಇರಬೇಕು. ಪೇಟೆಯಿಂದ ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದರೆ ಅದು ಬರೀ ನೀರು. ಫ್ಲಾಸ್ಕಿಗೆ ಐಸ್ ಹಾಕಿ ಅದರಲ್ಲೇ ತನ್ನಿ. ಪುಡಿಯನ್ನು ಅದರ ಜೊತೆ ಕೊಟ್ಟ ದ್ರವದಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ. ಕುಡಿಯುವ ನೀರಲ್ಲಿ ಕೊಡುವುದಾದರೆ ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರು ಬೇಡವೇ ಬೇಡ.

ಇನ್ನೊಂದು ತೊಡಕು, ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ. ಐದು ಕೋಳಿಯವರು ಒಬ್ಬರೇ ತಂದರೆ ದಂಡ. ಹಾಗಾಗಿ ಕೇರಿಯವರೆಲ್ಲ ಸೇರಿ ದಿನ ಗೊತ್ತುಮಾಡಿ. ಸ್ತ್ರೀಶಕ್ತಿ ಸಂಘವೋ ಸಂಜೀವಿನಿ ಒಕ್ಕೂಟವೋ ಇದ್ದರೆ ಅದರ ಸಭೆಯಲ್ಲೇ ತೀರ್ಮಾನಿಸಿ. ಒಕ್ಕೂಟದಲ್ಲಿ ಪಶುಸಖಿ ಎಂದು ತರಬೇತಿ ಪಡೆದ ಹೆಣ್ಣುಮಗಳಿದ್ದರೆ ಅವರೇ ಹಾಕುತ್ತಾರೆ, ಇಲ್ಲದಿದ್ದರೆ ಪಶು ಆಸ್ಪತ್ರೆಯವರನ್ನು ಕರೆಸಿ. ಬೆಳಗ್ಗೆ ಗೂಡು ತೆರೆಯುವ ಮೊದಲು ಹಾಕಿದರೆ ಹಿಡಿಯಲು ಓಡುವ ಕೆಲಸವಿಲ್ಲ. ಬೇಸಿಗೆಗೆ ಮುಂಚೆ, ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಸುತ್ತು ಇಡೀ ಕೇರಿಗೆ ಆಗಲಿ. ಒಂದು ಮನೆ ಬಿಟ್ಟರೂ ರೋಗಕ್ಕೆ ಅಲ್ಲಿ ಜಾಗ ಸಿಗುತ್ತದೆ.

ಕೋಳಿ ಸಾಯತೊಡಗಿದಾಗ ಉಳಿದವನ್ನು ಸಂತೆಗೆ ಒಯ್ದು ಮಾರುವುದು, ಸತ್ತದ್ದನ್ನು ಹಳ್ಳಕ್ಕೆ ಎಸೆಯುವುದು ದಯವಿಟ್ಟು ಮಾಡಬೇಡಿ. ನಿಮ್ಮಂಥದೇ ಬಡವರ ಮನೆಗೆ ಅದು ಹೋಗುತ್ತದೆ. ಮೂರಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಒಮ್ಮೆಲೇ ಬಹಳ ಕೋಳಿ ಸತ್ತರೆ ಕೈಯಿಂದ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಹಕ್ಕಿಜ್ವರವೂ ಇರಬಹುದು. ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ ಸಂಖ್ಯೆ 1962.

7. ಮೇವು ಮತ್ತು ಕೈತೋಟ, ಎರಡನ್ನೂ ಒಟ್ಟಿಗೆ ಯೋಚಿಸಿ

ಎರಡು ತಿಂಗಳು ದಾಟಿದ ಕೋಳಿ ಹೊರಗೆ ಮೇಯುತ್ತದೆ. ಅದಕ್ಕೆ ಸಂಜೆ ಗೂಡಿಗೆ ಬರುವಾಗ ಒಂದು ಹಿಡಿ ಕಾಳು ಕೊಟ್ಟರೆ ಸಾಕು. ನುಚ್ಚು, ರಾಗಿ, ತೌಡು ಮೈಗೆ ಕಸುವು ಕೊಡುತ್ತವೆ. ಮಾಂಸ ತುಂಬಲು, ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನ್ ಹುಳುಗಳಿಂದ, ಸೊಪ್ಪಿನಿಂದ, ಹಿಂಡಿಯಿಂದ ಬರಬೇಕು. ಮರಿಗಳಿಗೆ ಗೆದ್ದಲು ಬಹಳ ಒಳ್ಳೆಯದು. ಹಳೆ ಗಡಿಗೆಗೆ ಒಣ ಸಗಣಿ, ಚಿಂದಿ, ಹುಲ್ಲು ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ. ಬೆಳಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿ. ಅಜೋಲಾ, ಅಂದರೆ ನೀರ ಮೇಲೆ ತೇಲಿ ಬೆಳೆಯುವ ಸಣ್ಣ ಜರಿಗಿಡವನ್ನೂ ಎಲ್ಲ ತರಬೇತಿಯಲ್ಲಿ ಹೇಳುತ್ತಾರೆ. ನೀರಿನ ಅನುಕೂಲ ಇರುವವರು ಬೆಳೆಸಿ. ಕೊಡಪಾನದಲ್ಲಿ ನೀರು ಹೊರುವ ಮನೆಗೆ ಆ ಕೆಲಸ ಹೊರೆ, ಬದಲಿಗೆ ಎರಡು ನುಗ್ಗೆ, ಒಂದು ಅಗಸೆ ಮರ ನೆಡಿ. ಸೊಪ್ಪು ಮನೆಗೂ ಆಯಿತು, ಕೋಳಿಗೂ ಆಯಿತು.

ಮೊಟ್ಟೆಯ ಚಿಪ್ಪು ತೆಳುವಾದರೆ ಸುಣ್ಣದ ಅಂಶ ಕಡಿಮೆಯಾಗಿದೆ. ಮನೆಯ ಮೊಟ್ಟೆಚಿಪ್ಪನ್ನು ಕಾಯಿಸಿ, ಗುರುತು ಸಿಗದಂತೆ ಪುಡಿ ಮಾಡಿ ಹಾಕಿ. ಹಾಗೇ ಎಸೆದರೆ ಹೇಟೆಗೆ ಮೊಟ್ಟೆ ಕುಕ್ಕುವ ಚಟ ಹತ್ತುತ್ತದೆ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಕೋಳಿಗೆ ಎಸೆಯುವುದು ವಿಷ ಕೊಟ್ಟಂತೆ. ಬಿತ್ತನೆಗೆ ಔಷಧಿ ಸವರಿದ ಬೀಜ ಚೆಲ್ಲಿದ ಕಡೆ, ಔಷಧಿ ಹೊಡೆದ ಹೊಲದ ಕಡೆ ಕೋಳಿ ಬಿಡಬೇಡಿ. ಉಪ್ಪು ಜಾಸ್ತಿ ಇರುವ ಸಾರಿನ ಮುಸುರೆಯೂ ಮರಿಗಳಿಗೆ ಆಗದು.

ಗೂಡಿನಡಿ ಬಿದ್ದ ಹಿಕ್ಕೆ ಬಲವಾದ ಗೊಬ್ಬರ. ಹಸಿಯಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಒಣ ಎಲೆ, ಬೂದಿ, ಮಣ್ಣು ಬೆರೆಸಿ ಎರಡು ಮೂರು ತಿಂಗಳು ಕಳಿಸಿ. ಆ ಗೊಬ್ಬರದಲ್ಲಿ ಹರಿವೆ, ದಂಟು, ಮೆಂತ್ಯ ಹದಿನೈದು ದಿನಕ್ಕೊಂದು ಪಾತಿಯಂತೆ ಬಿತ್ತಿದರೆ ವಾರಕ್ಕೆ ಮೂರು ದಿನ ಸೊಪ್ಪು ಸಿಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಎಂಬ ಹರಿವೆ ಒಮ್ಮೆ ಬಿತ್ತಿ ಹಲವು ಸಲ ಕೊಯ್ಯಲು ಬರುತ್ತದೆ. ಬೆಂಡೆಗೆ ಅರ್ಕಾ ಅನಾಮಿಕ. ನುಗ್ಗೆಗೆ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಭಾಗ್ಯ. ಬಚ್ಚಲ ನೀರು ಬಾಳೆಗೆ, ಪರಂಗಿಗೆ ಹೋಗಲಿ, ಸೊಪ್ಪಿಗೆ ಬೇಡ. ಪಾತಿಗೆ ಹಳೆ ಸೀರೆ, ಮುಳ್ಳು, ಮೀನುಬಲೆ ಯಾವುದರಿಂದಾದರೂ ಬೇಲಿ ಕಟ್ಟದಿದ್ದರೆ ಬಿತ್ತಿದ ಮರುದಿನವೇ ಕೋಳಿ ಕೆದರಿ ಮುಗಿಸುತ್ತದೆ. ಕೊಯ್ಲು ಮುಗಿದ ಪಾತಿಗೆ ಮಾತ್ರ ಕೋಳಿ ಬಿಡಿ, ಹುಳ ಆರಿಸಿ ಕೊಡುತ್ತದೆ.

8. ಮಾರುವುದು

ಬೆಲೆ ನಿಮ್ಮ ಕೈಯಲ್ಲಿರುವುದು ದಿನ ಆರಿಸುವುದರಲ್ಲಿ. ಯುಗಾದಿಯ ಮರುದಿನದ ಹೊಸತೊಡಕು, ಊರಮ್ಮನ ಜಾತ್ರೆ, ಪಿತೃಪಕ್ಷ, ಈ ದಿನಗಳಲ್ಲಿ ನಾಟಿ ಹುಂಜ ಹುಡುಕಿಕೊಂಡು ಮನೆಬಾಗಿಲಿಗೆ ಬರುತ್ತಾರೆ. ಶ್ರಾವಣದಲ್ಲಿ ಕೇಳುವವರಿಲ್ಲ. ನಾಟಿ ಹುಂಜ ಮಾರುವ ತೂಕಕ್ಕೆ ಬರಲು ಐದಾರು ತಿಂಗಳು ಬೇಕು. ಹಾಗಾದರೆ ಹೊಸತೊಡಕಿಗೆ ಮಾರುವ ಮರಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹುಟ್ಟಿರಬೇಕು, ಅಂದರೆ ಗಣೇಶನ ಹಬ್ಬದ ಹೊತ್ತಿಗೆ ಹೇಟೆ ಕಾವು ಕೂರಬೇಕು. ನಿಮ್ಮ ಊರಿನ ಜಾತ್ರೆಯಿಂದ ಹೀಗೇ ಹಿಂದಕ್ಕೆ ಎಣಿಸಿ ಪಂಚಾಂಗದಲ್ಲಿ ಗುರುತು ಹಾಕಿ.

ದಲ್ಲಾಳಿ ಕೈಯಳತೆಯಲ್ಲಿ ದರ ಹೇಳಿದರೆ ಒಪ್ಪಬೇಡಿ, ತೂಗಿ ಕೊಡಿ. ಸಂಘದಲ್ಲಿ ಒಂದು ತಕ್ಕಡಿ ಇದ್ದರೆ ಎಲ್ಲರಿಗೂ ಆಗುತ್ತದೆ. ನಾಟಿ ಮೊಟ್ಟೆಯನ್ನು ಅಂಗಡಿಗೆ ಕೊಡುವುದಕ್ಕಿಂತ ಬಾಣಂತಿ, ಮಕ್ಕಳಿರುವ ಮನೆಗಳಿಗೆ ನೇರ ಕೊಟ್ಟರೆ ಒಳ್ಳೆಯ ಬೆಲೆ.

ಮೊಟ್ಟೆಯನ್ನೆಲ್ಲ ಮಾರಿ ಮಕ್ಕಳಿಗೆ ಅಂಗಡಿಯ ಬಿಸ್ಕತ್ತು ತರಬೇಡಿ. ಒಂದು ಮೊಟ್ಟೆಯಲ್ಲಿ ಆರು ಗ್ರಾಮಿನಷ್ಟು ಒಳ್ಳೆಯ ಪ್ರೋಟೀನ್ ಇದೆ. ನಾನು ಮೇಲೆ ಹಾಕಿದ ಲೆಕ್ಕದಲ್ಲಿ ಉಳಿದ 180 ಮೊಟ್ಟೆಗೆ ಬೆಲೆ ಕಟ್ಟದೆ ಬಿಟ್ಟದ್ದು ಇದೇ ಕಾರಣಕ್ಕೆ. ಅವು ಮನೆಯ ಮಕ್ಕಳ ಮತ್ತು ಬಸುರಿಯರ ಪಾಲು.

9. ಸಾಲ, ಸಬ್ಸಿಡಿ, ಮೋಸ

ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ಗ್ರಾಮೀಣ ಕೋಳಿ ಸಾಕಣೆಗೆ ಶೇ 50ರಷ್ಟು, 25 ಲಕ್ಷ ರೂಪಾಯಿವರೆಗೆ ಸಹಾಯಧನ ಎಂದು ಓದಿ ಅನೇಕರು ಕೇಳುತ್ತಾರೆ. ಅದು ಸಾವಿರ ತಾಯಿಕೋಳಿ ಸಾಕಿ ಮರಿಕೇಂದ್ರ ನಡೆಸುವ ಉದ್ಯಮಿಗಳಿಗೆ ಇರುವ ಯೋಜನೆ, ಹಿತ್ತಿಲ ಐದು ಹೇಟೆಗೆ ಅಲ್ಲ. ನಿಮಗೆ ಉಪಯೋಗಕ್ಕೆ ಬರುವುದು ಬೇರೆ: ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ತರಬೇತಿ, ಪಶುಪಾಲನಾ ಇಲಾಖೆಯಿಂದ ಆಗಾಗ ಮಹಿಳೆಯರಿಗೆ ಸಿಗುವ ಕೋಳಿಮರಿ, ಸಂಘದ ಒಳಸಾಲ. ಉದ್ಯೋಗ ಖಾತರಿಯ ವೈಯಕ್ತಿಕ ಕಾಮಗಾರಿಗಳಲ್ಲಿ ಕೋಳಿ ಶೆಡ್ಡೂ ಸೇರಿತ್ತು, ನಿಮ್ಮ ಪಂಚಾಯಿತಿಯ ಈ ಸಾಲಿನ ಪಟ್ಟಿಯಲ್ಲಿ ಇದೆಯೇ ಎಂದು ಪಿಡಿಒ ಅವರಲ್ಲಿ ವಿಚಾರಿಸಿ.

ಮೊದಲ ವರ್ಷ ಹೊರಗಿನ ಸಾಲ ಬೇಡ. ವಾರದ ಕಂತು ಕಟ್ಟುವ ಸಾಲವಂತೂ ಮುಟ್ಟಲೇಬೇಡಿ. ಕೋಳಿಗೆ ಆರು ತಿಂಗಳು, ಕಂತಿಗೆ ಏಳು ದಿನ, ಎರಡೂ ಹೊಂದುವುದಿಲ್ಲ.

"ಮರಿ ನಾವೇ ಕೊಡುತ್ತೇವೆ, ಬೆಳೆದ ಮೇಲೆ ನಾವೇ ದುಬಾರಿ ಬೆಲೆಗೆ ಕೊಳ್ಳುತ್ತೇವೆ, ಮುಂಗಡ ಕಟ್ಟಿ" ಎಂದು ಯಾರಾದರೂ ಬಂದರೆ ಬಾಗಿಲಿಂದಲೇ ಕಳಿಸಿ. 2012ರಲ್ಲಿ ತಮಿಳುನಾಡಿನಲ್ಲಿ ಎಮು ಹಕ್ಕಿಯ ಹೆಸರಿನಲ್ಲಿ ಹೀಗೇ ಸಾವಿರಾರು ಜನ ಹಣ ಕಳೆದುಕೊಂಡರು. ಆಮೇಲೆ ಮಹಾರಾಷ್ಟ್ರದಲ್ಲಿ ಕಡಕ್‌ನಾಥ್ ಎಂಬ ಕಪ್ಪು ಕೋಳಿಯ ಹೆಸರಲ್ಲಿ ಅದೇ ಆಯಿತು.

10. ವರ್ಷ ತುಂಬಿದ ಮೇಲೆ

ನೋಟ್ ಪುಸ್ತಕದಲ್ಲಿ ಐದು ಸಾಲು ಇರಲಿ: ಇಟ್ಟ ಮೊಟ್ಟೆ, ಒಡೆದ ಮರಿ, ಎರಡು ತಿಂಗಳಿಗೆ ಉಳಿದ ಮರಿ, ಮಾರಿದ ಹಣ, ಖರ್ಚಾದ ಹಣ. ಮೂರನೇ ಸಾಲನ್ನು ಎರಡನೇ ಸಾಲಿನ ಪಕ್ಕ ಇಟ್ಟು ನೋಡಿ. ನೂರು ಮರಿಗೆ ಐವತ್ತಕ್ಕಿಂತ ಕಡಿಮೆ ಉಳಿದಿದ್ದರೆ ಹೇಟೆ ಹೆಚ್ಚಿಸಬೇಡಿ. ಎಲ್ಲಿ ಹೋದವು, ಹದ್ದಿಗೋ ಚಳಿಗೋ ರೋಗಕ್ಕೋ ಎಂದು ಬರೆದಿಟ್ಟದ್ದನ್ನು ನೋಡಿ ಅದನ್ನು ಸರಿಮಾಡಿ.

ಎಪ್ಪತ್ತರ ಹತ್ತಿರ ಬಂದಿದ್ದರೆ ನಿಮ್ಮ ಕೈಗೆ ಮರಿ ಸಾಕುವ ಹದ ಬಂದಿದೆ. ಆಗ ಹೇಟೆ ಹೆಚ್ಚಿಸುವುದಕ್ಕಿಂತ ಇನ್ನೊಂದು ದಾರಿ ಲಾಭದ್ದು. ದಿನದ ಮರಿ ನೂರು ತರಿಸಿ, ಮೇಲೆ ಹೇಳಿದ ಬ್ರೂಡರಿನಲ್ಲಿ ಐದು ವಾರ ಸಾಕಿ, ಲಸಿಕೆ ಹಾಕಿಸಿ, ಕೇರಿಯ ಮನೆಗಳಿಗೆ ಐದು–ಹತ್ತರಂತೆ ಮಾರಿ. ತರಬೇತಿಗಳಲ್ಲಿ ಇದನ್ನು ತಾಯಿ ಘಟಕ ಎನ್ನುತ್ತಾರೆ. ಹಿತ್ತಿಲು ದೊಡ್ಡದಿರಬೇಕಿಲ್ಲ, ಹತ್ತಡಿ ಉದ್ದ ಹತ್ತಡಿ ಅಗಲದ, ಗಾಳಿಯಾಡುವ ಒಂದು ಕೋಣೆ ಸಾಕು, ಹಣ ಒಂದೂವರೆ ತಿಂಗಳಿಗೆ ತಿರುಗುತ್ತದೆ. ಮರಿ ತರಿಸುವ ಮೊದಲೇ ಯಾರಿಗೆ ಎಷ್ಟು ಬೇಕು ಎಂದು ಹೆಸರು ಬರೆದುಕೊಂಡು ಅರ್ಧ ಹಣ ಮುಂಗಡ ತೆಗೆದುಕೊಳ್ಳಿ.